ಸುರಗಿ ದಂಡೆ ಮತ್ತು ನಾಲ್ಕು ಜನ: ನಮ್ಮ ಕರಾವಳಿಯಲ್ಲೇ ಸ್ಟುಡಿಯೊ ಬ್ಯೂಟಿ ಶೂಟ್ ಮಾಡುವುದು ಹೇಗೆ

ಕಾರವಾರದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವ ಒಂದು ಸ್ಟುಡಿಯೊದ ಹಿಂದಿನ ಕೋಣೆಯನ್ನು ಒಂದು ಭಾನುವಾರದ ಮಟ್ಟಿಗೆ ಬಾಡಿಗೆಗೆ ತಗೊಂಡಿದ್ದೆವು. ಮೇಕಪ್ ಮಾಡುವ ಅಕ್ಕ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದಿದ್ದರು. ಕೂದಲು ಕಟ್ಟುವವರು ಕುಮಟಾದವರು. ಮಾಡೆಲ್ ಅಂಕೋಲೆಯ ಹುಡುಗಿ, ನಾಟಕದಲ್ಲಿ ಪಾತ್ರ ಮಾಡುತ್ತಿದ್ದವಳು. ಕ್ಯಾಮೆರಾ ನನ್ನದು. ಯಾರೂ ಯಾರಿಗೂ ಸಂಬಳ ಕೊಡಲಿಲ್ಲ. ಅಕ್ಕನಿಗೆ ಮದುಮಗಳ ಮೇಕಪ್ ಬಿಟ್ಟು ಬೇರೆ ಕೆಲಸ ತೋರಿಸಲು ಫೋಟೊ ಬೇಕಿತ್ತು, ಹುಡುಗಿಗೆ ಆಡಿಷನ್‌ಗೆ ಬೇಕಿತ್ತು, ನನಗೆ ಮುಖದ ಮೇಲೆ ಬೆಳಕು ಹಾಕುವುದನ್ನು ಕಲಿಯಬೇಕಿತ್ತು.

ಇಂಥ ಕೂಡು ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಶಿರಸಿಯಲ್ಲಿ ಇದಕ್ಕೆ ಬೇಕಾದ ಕೈಗಳೆಲ್ಲ ಇವೆ. ಆದರೆ ಒಂದು ಮಾತು ಮೊದಲೇ ಮನಸ್ಸಿಗೆ ಬರಬೇಕು. ಈ ಫೋಟೊ ನಾಲ್ಕೂ ಜನರದ್ದು. ಹಾಗಂತ ಒಪ್ಪಿಕೊಂಡು ಶುರು ಮಾಡಿದರೆ ಕೋಣೆ, ಲೈಟು, ಟೈಮು ಎಲ್ಲದರ ತೀರ್ಮಾನ ಸುಲಭವಾಗುತ್ತದೆ.

ಮೊದಲು ಒಂದೇ ಒಂದು ಯೋಚನೆ

ಬ್ಯೂಟಿ ಶೂಟ್ ಅಂದರೆ ಮುಖ, ಕತ್ತು, ಕೂದಲು, ಕೈಬೆರಳು. ಬಟ್ಟೆ ಹೆಚ್ಚು ಕಾಣುವುದಿಲ್ಲ. ಹಾಗಾಗಿ ವಿಷಯವೂ ಸಣ್ಣದಿರಬೇಕು. "ಸಾಂಪ್ರದಾಯಿಕ ಲುಕ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಸುರಗಿ ಹೂವು, ಹೊಳೆಯುವ ಚರ್ಮ, ಬಣ್ಣವಿಲ್ಲದ ತುಟಿ" ಅಂದರೆ ನಾಲ್ಕೂ ಜನರ ಕಣ್ಣಿಗೆ ಒಂದೇ ಚಿತ್ರ ಬರುತ್ತದೆ.

ನಾವು ಸುರಗಿ ಆರಿಸಿದ್ದಕ್ಕೆ ಕಾರಣ ಇತ್ತು. ಅದು ನಮ್ಮ ಕಡೆ ಬೇಸಿಗೆ ಶುರುವಾಗುವಾಗ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಬಿಡುವ ಹೂವು. ಬಿಳಿ ಎಸಳು, ನಡುವೆ ಹಳದಿ ಕೇಸರದ ಗುಪ್ಪೆ. ಕಪ್ಪು ಕೂದಲ ಮೇಲೆ ಹಾಗೇ ಎದ್ದು ಕಾಣುತ್ತದೆ. ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ, ಆಕಾರವೂ ಪೂರ್ತಿ ಕೆಡುವುದಿಲ್ಲ. ಮಲ್ಲಿಗೆ ಲೈಟಿನ ಬಿಸಿಗೆ ಬೇಗ ಬಾಡುತ್ತದೆ. ಅಬ್ಬಲಿಗೆ ಬಾಳುತ್ತದೆ, ಆದರೆ ಅದರ ಕೇಸರಿ ಬಣ್ಣ ಮೇಕಪ್‌ನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಅಬ್ಬಲಿಗೆ ಬೇಕಾದರೆ ಕಣ್ಣಿನ ಬಣ್ಣವನ್ನು ತೀರಾ ಕಡಿಮೆ ಮಾಡಿ.

ವಾಟ್ಸಾಪ್‌ನಲ್ಲಿ ಒಂದು ಗುಂಪು ಮಾಡಿ, ಹತ್ತು ಹನ್ನೆರಡು ಚಿತ್ರ ಹಾಕಿ ಸಾಕು. ಪ್ರತಿ ಚಿತ್ರದ ಕೆಳಗೆ ಯಾಕೆ ಹಾಕಿದ್ದೀರಿ ಅಂತ ಒಂದು ಸಾಲು ಬರೆಯಿರಿ: "ಇದರ ಬೆಳಕು ಮಾತ್ರ", "ಇದರ ಹುಬ್ಬು ಮಾತ್ರ". ಆ ಸಾಲು ಇಲ್ಲದಿದ್ದರೆ ಒಬ್ಬರು ಲಿಪ್‌ಸ್ಟಿಕ್ ನೋಡುತ್ತಾರೆ, ಇನ್ನೊಬ್ಬರು ಓಲೆ ನೋಡುತ್ತಾರೆ.

ಇನ್ನೊಂದು ಮಾತು. ಅಂಕೋಲಾ ಕಡೆ ಶೂಟ್ ಅಂದ ಕೂಡಲೇ ಹಲವರಿಗೆ ಹಾಲಕ್ಕಿ ಒಕ್ಕಲಿಗ ಹೆಂಗಸರ ಮಣಿಸರ ನೆನಪಾಗುತ್ತದೆ. ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡಾಗ ಅವರ ಮೈಮೇಲಿದ್ದದ್ದು ಅದೇ ಉಡುಗೆ, ಅದೇ ಮಣಿ. ಅದು ಅವರ ದಿನದ ಬದುಕು. ಬೇರೆಯವರ ಕೊರಳಿಗೆ ಸುಮ್ನೆ ಅಲಂಕಾರಕ್ಕೆ ಹಾಕಿ ಫೋಟೊ ತೆಗೆಯುವುದು ನನಗೆ ಸರಿ ಅನಿಸುವುದಿಲ್ಲ. ಆ ಸಮುದಾಯದ ಹುಡುಗಿಯೇ ಮಾಡೆಲ್ ಆಗಿ, ಅವಳೇ ಬೇಕು ಅಂದರೆ ಆಗ ಮಾತು ಬೇರೆ. ಆಗಲೂ ಮಣಿ ಹೇಗೆ ಹಾಕಬೇಕು ಅನ್ನುವುದನ್ನು ಅವಳ ಮನೆಯ ಹಿರಿಯರು ಹೇಳಲಿ.

ಜನ, ಮಾತು, ಒಂದು ಹಾಳೆ

ಮೇಕಪ್ ಮಾಡುವವರನ್ನು ಬ್ಯೂಟಿ ಪಾರ್ಲರ್‌ನಲ್ಲೇ ಹುಡುಕಿ. ಮದುವೆ ಸೀಸನ್‌ನಲ್ಲಿ ಕೇಳಬೇಡಿ, ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಕೇಳುವಾಗ "ನಿಮಗೆ ಪಬ್ಲಿಸಿಟಿ ಸಿಗುತ್ತದೆ" ಅನ್ನಬೇಡಿ. "ನಿಮಗೆ ಎಂಥ ಫೋಟೊ ಬೇಕು?" ಅಂತ ಕೇಳಿ. ಅವರಿಗೂ ಒಂದು ಆಸೆ ಇದ್ದೇ ಇರುತ್ತದೆ. ನಮ್ಮ ಅಕ್ಕನಿಗೆ ಕಣ್ಣಿನ ಕೆಳಗೆ ಒಂದೇ ಒಂದು ಕಾಡಿಗೆ ಗೆರೆ ಎಳೆದು ಬಿಡುವ ಆಸೆ ಇತ್ತಂತೆ, ಯಾವ ಮದುಮಗಳೂ ಅದಕ್ಕೆ ಒಪ್ಪಿರಲಿಲ್ಲ. ಮೂರನೇ ಲುಕ್ ಆಗಿ ಅದನ್ನೇ ಇಟ್ಟೆವು.

ಮಾಡೆಲ್‌ಗೆ 18 ವರ್ಷ ತುಂಬಿರಲೇಬೇಕು. ಮನೆಯಿಂದ ಅಮ್ಮನೋ ಅಣ್ಣನೋ ಗೆಳತಿಯೋ ಜೊತೆಗೆ ಬರುತ್ತೇನೆ ಅಂದರೆ ಖುಷಿಯಿಂದ ಬರಹೇಳಿ, ಅವರಿಗೂ ಊಟ ತರಿಸಿ. ಶೂಟ್‌ಗೆ ಎರಡು ಮೂರು ದಿನ ಮೊದಲೇ ಹುಬ್ಬು ಥ್ರೆಡಿಂಗ್ ಮಾಡಿಸಲಿ. ಅದೇ ದಿನ ಮಾಡಿಸಿದರೆ ಚರ್ಮ ಕೆಂಪಾಗಿರುತ್ತದೆ, ಹತ್ತಿರದ ಲೆನ್ಸ್ ಅದನ್ನು ಬಿಡುವುದಿಲ್ಲ. ಹೊಸ ಕ್ರೀಮ್ ಯಾವುದನ್ನೂ ಆ ವಾರ ಹಚ್ಚಬಾರದು. ಉಗುರು ಚೊಕ್ಕವಾಗಿರಲಿ.

ಖರ್ಚಿನ ಮಾತು ನಾಚಿಕೆ ಇಲ್ಲದೆ ಆಡಿ. ಕೋಣೆ ಬಾಡಿಗೆ, ಹೂವು, ಬಸ್ ಚಾರ್ಜು, ಊಟ. ಮೇಕಪ್ ಮಾಡುವವರ ಸಾಮಾನು ಖಾಲಿಯಾಗುತ್ತದೆ, ನಮ್ಮ ಕ್ಯಾಮೆರಾ ಖಾಲಿಯಾಗುವುದಿಲ್ಲ. ಆದ್ದರಿಂದ ಬಾಡಿಗೆಯ ದೊಡ್ಡ ಪಾಲು ಫೋಟೊಗ್ರಾಫರ್ ಹೊರುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಮಾಡೆಲ್‌ನಿಂದ ಒಂದು ರೂಪಾಯಿಯನ್ನೂ ತಗೊಳ್ಳಬೇಡಿ.

ಆಮೇಲೆ ಒಂದು ಹಾಳೆಯ ಒಪ್ಪಂದ, ಕನ್ನಡದಲ್ಲೇ. ನನ್ನ ಎರಡನೇ ಶೂಟ್‌ನಲ್ಲಿ ಇದನ್ನು ಬರೆದಿರಲಿಲ್ಲ. ಎರಡು ತಿಂಗಳಾದ ಮೇಲೆ ಆ ಹುಡುಗಿಯ ಮುಖ ಒಂದು ಅಂಗಡಿಯ ಬ್ಯಾನರ್ ಮೇಲೆ ಬಂತು. ನಮ್ಮಲ್ಲೇ ಒಬ್ಬರು ಪರಿಚಯದವರಿಗೆ ಫೈಲ್ ಕೊಟ್ಟಿದ್ದರು, ಕೆಟ್ಟ ಮನಸ್ಸಿನಿಂದ ಅಲ್ಲ. ಬ್ಯಾನರ್ ಇಳಿಸಿದರು. ಆದರೆ ಆ ಹುಡುಗಿಯ ಅಪ್ಪ ಫೋನ್‌ನಲ್ಲಿ ಏನೂ ಹೇಳದೆ ಸುಮ್ಮನಿದ್ದ ಆ ಅರ್ಧ ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಹಾಳೆಯಲ್ಲಿ ಇಷ್ಟು ಇರಲಿ. ಫೋಟೊ ಎಲ್ಲೆಲ್ಲಿ ಹಾಕಬಹುದು. ಜಾಹೀರಾತಿಗೆ, ಮಾರಾಟಕ್ಕೆ ಬೇಕಾದರೆ ಎಲ್ಲರನ್ನೂ ಮತ್ತೆ ಕೇಳಬೇಕು. ಹಾಕುವಾಗ ನಾಲ್ಕೂ ಜನರ ಹೆಸರು ಬರಬೇಕು. ಎಷ್ಟು ಫೋಟೊ, ಎಷ್ಟು ದಿನದಲ್ಲಿ ಕೊಡುತ್ತೀರಿ. ಒಬ್ಬರು ಬೇಡ ಅಂದ ಫೋಟೊ ಹೊರಗೆ ಹೋಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಯಾರೋ ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ದುಡ್ಡಿನ ವ್ಯವಹಾರ ಇಲ್ಲದ ಇಂಥ ಶೂಟ್‌ನಲ್ಲಿ ಸಾಮಾನ್ಯವಾಗಿ ತೆಗೆದವರೇ ಒಡೆಯರು. ಕಾನೂನು ಹೀಗೆ ನಮ್ಮ ಕಡೆ ವಾಲಿರುವುದರಿಂದಲೇ ಉಳಿದ ಮೂವರ ಹಕ್ಕನ್ನು ನಾವೇ ಮುಂದಾಗಿ ಬರೆದುಕೊಡಬೇಕು.

ಕೋಣೆ

ಮುಖಚಿತ್ರಕ್ಕೆ ಬಳಸುವ 85 ಎಂಎಂ ಅಥವಾ 100 ಎಂಎಂ ಲೆನ್ಸ್‌ಗೆ ಕೋಣೆ ಉದ್ದ ಇರಬೇಕು. ನಿಮ್ಮ ಬೆನ್ನ ಹಿಂದೆ ಸ್ವಲ್ಪ, ನಿಮ್ಮಿಂದ ಮುಖಕ್ಕೆ 5-6 ಅಡಿ, ಮುಖದಿಂದ ಹಿಂದಿನ ಪರದೆಗೆ 5-6 ಅಡಿ. ಒಟ್ಟು 15 ಅಡಿ ಸಿಕ್ಕರೆ ಆರಾಮ. ಅಗಲ ಕಡಿಮೆ ಇದ್ದರೂ ನಡೆಯುತ್ತದೆ. ಅದಕ್ಕೇ ಪಾಸ್‌ಪೋರ್ಟ್ ಸ್ಟುಡಿಯೊಗಳ ಉದ್ದನೆ ಕೋಣೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಪರದೆ 4 ಅಡಿ ಅಗಲ ಇದ್ದರೆ ಸಾಕು. ಮ್ಯಾಟ್ ಪೇಂಟ್ ಹೊಡೆದ ಒಂದು ಪ್ಲೈವುಡ್ ಹಲಗೆಯೂ ಆಗುತ್ತದೆ.

ಗೋಡೆಯ ಬಣ್ಣ ನೋಡಿ. ಹಸಿರು ಗೋಡೆ ಕೆನ್ನೆಗೆ ಹಸಿರು ಹಚ್ಚುತ್ತದೆ. ಶಿರಸಿ ಕಡೆಯ ಹಳೇ ಮನೆಗಳಲ್ಲಿ ಕೆಂಪು ನೆಲ, ಮರದ ಮುಚ್ಚಿಗೆ. ನೋಡಲು ಎಷ್ಟು ಚಂದವೋ ಫ್ಲ್ಯಾಶ್‌ಗೆ ಅಷ್ಟೇ ತೊಂದರೆ, ಗದ್ದದ ಕೆಳಗೆ ಕೆಂಪು ಬಂದು ಕೂರುತ್ತದೆ. ನೆಲಕ್ಕೆ ಬಿಳಿ ಬಟ್ಟೆ, ಅಕ್ಕಪಕ್ಕ ಕಪ್ಪು ಬಟ್ಟೆ ಹಾಕಿ.

ನಮ್ಮ ಕರಾವಳಿಯ ಹಸಿ ಗಾಳಿ ಇನ್ನೊಂದು ಲೆಕ್ಕ. ಎಸಿ ಕೋಣೆಯಿಂದ ಕ್ಯಾಮೆರಾ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ಚೀಲದ ಜಿಪ್ ಹಾಕಿಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆಗೆಯಿರಿ. ಹಸಿ ಗಾಳಿಗೆ ಕೂದಲು ಎಳೆಎಳೆಯಾಗಿ ಏಳುತ್ತದೆ, ಹಾಗಾಗಿ ಕೂದಲಿನ ಕೆಲಸ ಶೂಟ್‌ಗೆ ಹತ್ತಿರ ಇರಲಿ. ಹೆಸ್ಕಾಂನವರು ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವ ದಿನವನ್ನು ಪ್ರಕಟಿಸುತ್ತಾರೆ, ತಾರೀಕು ಗೊತ್ತು ಮಾಡುವ ಮೊದಲು ಪೇಪರ್ ನೋಡಿ. ಬ್ಯಾಟರಿ ಫ್ಲ್ಯಾಶ್ ಇದ್ದರೆ ಆ ಚಿಂತೆಯೇ ಇಲ್ಲ.

ಮೇಕಪ್ ಕುರ್ಚಿಯ ಹತ್ತಿರ

ಇಲ್ಲಿ ಅವಸರ ಮಾಡಬೇಡಿ. ಮೊದಲ ಲುಕ್‌ಗೆ ಒಂದೂವರೆ ಗಂಟೆಯಾದರೂ ಕೊಡಿ. ಕಡಿಮೆ ಬಣ್ಣದ ಲುಕ್ ಮೊದಲು, ಜಾಸ್ತಿ ಬಣ್ಣದ್ದು ಕೊನೆಗೆ. ಹಿಂದುಮುಂದಾದರೆ ಚರ್ಮ ಒರೆಸಿ ಒರೆಸಿ ಕೆಂಪಾಗುತ್ತದೆ. ಒಂದು ದಿನಕ್ಕೆ ಮೂರು ಲುಕ್ ಸಾಕು.

ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಾಕುವುದನ್ನು ನೋಡಿದ್ದೀರಿ ಅಲ್ವಾ? ಆ ಬಣ್ಣ ದೂರದಲ್ಲಿ ಕೂತವರಿಗೂ ಭಾವ ಕಾಣಲಿ ಅಂತ ಹಾಕುವುದು. ಮದುಮಗಳ ಮೇಕಪ್ ಹತ್ತು ಅಡಿಯಿಂದ, ವೀಡಿಯೊ ಲೈಟಿನಲ್ಲಿ ಚಂದ ಕಾಣಬೇಕು. ಬ್ಯೂಟಿ ಶೂಟ್‌ನ ಮೇಕಪ್ ಒಂದೂವರೆ ಅಡಿಯಿಂದ ನೋಡಿದರೂ ಚರ್ಮ ಚರ್ಮದ ಹಾಗೇ ಇರಬೇಕು. ಮೇಕಪ್ ಮಾಡುವವರಿಗೆ ಈ ದೂರದ ಲೆಕ್ಕ ಹೇಳಿ. ಕ್ಯಾಮೆರಾದಲ್ಲಿ ಒಂದು ಕಣ್ಣನ್ನು ದೊಡ್ಡದು ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಅಕ್ಕ ಆ ಒಂದು ಚಿತ್ರ ನೋಡಿದ ಮೇಲೆ ಫೌಂಡೇಶನ್ ಅನ್ನು ಅರ್ಧಕ್ಕೆ ಇಳಿಸಿದರು, ಬ್ರಶ್ ಬಿಟ್ಟು ಬೆರಳ ತುದಿಯಿಂದ ತಟ್ಟಿ ತಟ್ಟಿ ಹಚ್ಚಿದರು.

ಫೌಂಡೇಶನ್ ಬಣ್ಣ ಕತ್ತಿಗೆ ಹೊಂದಲಿ. ಎರಡು ಶೇಡ್ ಬೆಳ್ಳಗೆ ಮಾಡುವ ಮದುವೆಮನೆ ಅಭ್ಯಾಸ ಇಲ್ಲಿ ಬೇಡವೇ ಬೇಡ. ನಮ್ಮ ಕಡೆಯ ಕಂದು ಚರ್ಮದ ಮೇಲೆ ಬೆಳಕು ಹೊಳೆಯುವ ಹಾಗೆ ಬಿಳುಚಿದ ಬಣ್ಣದ ಮೇಲೆ ಹೊಳೆಯುವುದಿಲ್ಲ. ಕಪ್ಪು ಮುಖವನ್ನು ಬೆಳ್ಳಗೆ ಮಾಡಿ ಚಂದ ಅಂತ ತೋರಿಸುವ ಫೋಟೊ ನಾನು ತೆಗೆಯುವುದಿಲ್ಲ. ಈ ಮಾತನ್ನು ಗುಂಪಿನಲ್ಲಿ ಮೊದಲ ದಿನವೇ ಹೇಳುತ್ತೇನೆ.

ಫ್ಲ್ಯಾಶ್‌ನಲ್ಲಿ ಮುಖ ಬೂದಿ ಬಳಿದ ಹಾಗೆ ಬೆಳ್ಳಗಾಗುವುದುಂಟು. ಸನ್‌ಸ್ಕ್ರೀನ್‌ನ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್, ಎಚ್‌ಡಿ ಪೌಡರ್‌ನ ಸಿಲಿಕಾ ಇವು ಫ್ಲ್ಯಾಶ್ ಬೆಳಕನ್ನು ತಿರುಗಿ ಎಸೆಯುತ್ತವೆ. ಕನ್ನಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಬೇಸ್ ಆದ ಕೂಡಲೇ, ಕಣ್ಣಿನ ಕೆಲಸ ಶುರುವಾಗುವ ಮೊದಲೇ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದು ನೋಡಿ.

ತುಟಿಗೆ ಮೊದಲೇ ಬಾಮ್ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಲಿ. ಕುಡಿಯಲು ಸೀಯಾಳ, ಸ್ಟ್ರಾ ಹಾಕಿ. ಮುರುಗಲು ಪಾನಕ ಎಷ್ಟೇ ತಂಪಾದರೂ ಶೂಟ್ ಮುಗಿದ ಮೇಲೆ, ಅದರ ಕೆಂಪು ತುಟಿಗೂ ಬಟ್ಟೆಗೂ ಹತ್ತುತ್ತದೆ.

ಬೆಳಕು

ಒಂದು ಲೈಟು, ಒಂದು ಬಿಳಿ ಹಲಗೆ. ಇಷ್ಟರಿಂದಲೇ ಶುರು ಮಾಡಿ. ಲೈಟು ಮುಖದ ಎದುರು, ಕಣ್ಣಿಗಿಂತ ಮೇಲೆ, 45 ಡಿಗ್ರಿ ಕೆಳಗೆ ಬಾಗಿರಲಿ. ಎದೆಯ ಮಟ್ಟದಲ್ಲಿ ಬಿಳಿ ಹಲಗೆ, ಮೇಲಿನ ಬೆಳಕನ್ನು ಗದ್ದದ ಕಡೆ ತಿರುಗಿಸಲು. ಇವೆರಡರ ನಡುವಿನ ಸಂದಿಯಿಂದ ಲೆನ್ಸ್ ನೋಡುತ್ತದೆ. ತೆರೆದ ಚಿಪ್ಪಿಯ ಎರಡು ಹೋಳುಗಳ ನಡುವೆ ಕೂತ ಹಾಗೆ, ಅದಕ್ಕೇ ಇದಕ್ಕೆ ಕ್ಲಾಮ್‌ಶೆಲ್ ಅನ್ನುತ್ತಾರೆ. ನಮ್ಮ ಹೊಳೆಯ ಬಳಚು ನೆನಪಿಸಿಕೊಂಡರೆ ಲೈಟು ಎಲ್ಲಿಡಬೇಕು ಅನ್ನುವುದು ಮರೆಯುವುದಿಲ್ಲ.

ಬ್ಯೂಟಿ ಡಿಶ್ (ಫ್ಲ್ಯಾಶ್‌ಗೆ ಸಿಕ್ಕಿಸುವ ಅಗಲ ತಟ್ಟೆಯಂಥದ್ದು) ಇದ್ದರೆ ಅದನ್ನೇ ಹಾಕಿ. 22 ಇಂಚಿನ ಡಿಶ್ ಮುಖದಿಂದ 2-3 ಅಡಿ ದೂರ ಇರಲಿ. ಇಲ್ಲದಿದ್ದರೆ ಬಿಳಿ ಛತ್ರಿಯೊಳಗಿಂದ ಬೆಳಕು ತನ್ನಿ. ಬಿಳಿ ಹಲಗೆಗೆ ಚೌತಿ ಮಂಟಪಕ್ಕೆ ತರುತ್ತಿದ್ದ ಥರ್ಮಾಕೋಲ್ ಹಾಳೆ ಮನೆಯಲ್ಲಿ ಉಳಿದಿದ್ದರೆ ಅದೇ ಆಯಿತು. ಫ್ಲ್ಯಾಶ್ ಇಲ್ಲವಾ? ನೇರ ಬಿಸಿಲು ಬೀಳದ ದೊಡ್ಡ ಕಿಟಕಿಗೆ ತೊಳೆದ ಬಿಳಿ ಪಂಚೆ ಕಟ್ಟಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರಿಂದ ಬರುವ ಬೆಳಕಿನಲ್ಲಿ ಒಳ್ಳೊಳ್ಳೆಯ ಮುಖಚಿತ್ರ ಸಿಗುತ್ತವೆ.

ಲೈಟು ಸರಿ ಇದೆಯಾ ಅಂತ ನೋಡುವುದು ಮೂಗಿನ ಕೆಳಗೆ. ಅಲ್ಲಿ ಚಿಟ್ಟೆಯಂಥ ಸಣ್ಣ ನೆರಳು ಬಿದ್ದಿರಬೇಕು, ಅದು ತುಟಿ ಮುಟ್ಟಬಾರದು. ಮುಟ್ಟಿದರೆ ಲೈಟು ಜಾಸ್ತಿ ಮೇಲಿದೆ. ನೆರಳೇ ಇಲ್ಲದಿದ್ದರೆ ಕೆಳಗಿನ ಹಲಗೆಯ ಬೆಳಕು ಜಾಸ್ತಿಯಾಗಿದೆ. ಅದು ಮೇಲಿನ ಬೆಳಕಿಗಿಂತ ಒಂದು ಸ್ಟಾಪ್ ಆದರೂ, ಅಂದರೆ ಅರ್ಧದಷ್ಟಾದರೂ ಕಡಿಮೆ ಇರಬೇಕು, ಇಲ್ಲದಿದ್ದರೆ ಮುಖ ದೆವ್ವದ ಪಾತ್ರದ ಹಾಗೆ ಕಾಣುತ್ತದೆ. ಕೆನ್ನೆಗೆ ಆಕಾರ ಬೇಕಾದರೆ ಎರಡೂ ಬದಿಗೆ ಕಪ್ಪು ಹಲಗೆ ನಿಲ್ಲಿಸಿ.

ದೂರದ ಲೆಕ್ಕವೂ ತಿಳಿದಿರಲಿ. ಲೈಟನ್ನು 2 ಅಡಿಯಿಂದ 4 ಅಡಿಗೆ ಒಯ್ದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಲೈಟು ಮುಖಕ್ಕೆ ಹತ್ತಿರ ಬಂದಷ್ಟೂ ಹಿಂದಿನ ಪರದೆ ಕಪ್ಪಾಗುತ್ತದೆ. ಒಂದೇ ಬೂದು ಪರದೆಯನ್ನು ಬೆಳ್ಳಗೂ ಕಪ್ಪಗೂ ತೋರಿಸುವುದು ಹೀಗೆ.

ಕ್ಯಾಮೆರಾದಲ್ಲಿ ಮ್ಯಾನುಯಲ್, ಐಎಸ್‌ಒ 100, ಶಟರ್ 1/125, ಲೆನ್ಸ್‌ನ ಕಿಂಡಿ ಎಫ್/8ರಿಂದ ಎಫ್/11, ರಾ ಫೈಲ್ (ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ಫೈಲ್). ಫ್ಲ್ಯಾಶ್ ಆರಿಸಿ ಒಂದು ತೆಗೆದರೆ ಪೂರ್ತಿ ಕಪ್ಪು ಬರಬೇಕು, ಹಾಗಾದರೆ ಕೋಣೆಯ ಟ್ಯೂಬ್‌ಲೈಟ್ ಬಣ್ಣ ಬೆರೆಯುವುದಿಲ್ಲ. ಆಮೇಲೆ ಬಣ್ಣ ಸರಿ ಮಾಡಿಕೊಳ್ಳಲು ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಹಿಡಿಸಿ ಒಂದು ತೆಗೆದುಕೊಳ್ಳಿ. ಫೋಕಸ್ ಹತ್ತಿರದ ಕಣ್ಣಿನ ರೆಪ್ಪೆಯ ಮೇಲೆ. ಫ್ಲ್ಯಾಶ್‌ನ ಮಾಡೆಲಿಂಗ್ ಲ್ಯಾಂಪ್ (ಅದರೊಳಗೇ ಇರುವ, ಸದಾ ಉರಿಯುವ ದೀಪ) ಹಚ್ಚಿಡಿ. ಕತ್ತಲಲ್ಲಿ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗುತ್ತದೆ, ಬೆಳಕಿದ್ದರೆ ಪಾಪೆ ಕುಗ್ಗಿ ಕಣ್ಣಿನ ಕಂದು ಬಣ್ಣ ಕಾಣುತ್ತದೆ. ಮೊಬೈಲ್‌ನಲ್ಲಿ ತೆಗೆಯುವವರು ಮುಖದ ಹತ್ತಿರ ಹೋಗಬೇಡಿ, ಮೂಗು ದಪ್ಪ ಕಾಣುತ್ತದೆ. ಹಿಂದೆ ನಿಂತು 2 ಅಥವಾ 3 ಪಟ್ಟಿನ ಲೆನ್ಸ್ ಬಳಸಿ.

ತೆಗೆಯುವ ಹೊತ್ತು

ಸುರಗಿ ಮೊಗ್ಗನ್ನು ಅಂಕೋಲೆಯಿಂದ ಬೆಳಿಗ್ಗೆಯೇ ಕೊಯ್ದು, ಬಾಳೆಎಲೆಯಲ್ಲಿ ಸುತ್ತಿ ತಂದಿದ್ದರು. ಕೂದಲು ಕಟ್ಟುವವರು ಅಲ್ಲೇ ಕೂತು ಬಾಳೆ ನಾರಿನಲ್ಲಿ ದಂಡೆ ಕಟ್ಟಿದರು. ತುರುಬಿನ ಸುತ್ತ ಇಟ್ಟು ನೋಡಿದರೆ ಎದುರಿನಿಂದ ಹೂವೇ ಕಾಣಲಿಲ್ಲ. ಬ್ಯೂಟಿ ಶೂಟ್‌ನಲ್ಲಿ ಹೂವು ಮುಖದ ಗಡಿಯಲ್ಲಿರಬೇಕು. ದಂಡೆ ಬಿಚ್ಚಿ, ಒಂದೊಂದೇ ಹೂವನ್ನು ಹೇರ್‌ಪಿನ್‌ನಿಂದ ಕಿವಿಯ ಮೇಲಿನಿಂದ ಹಣೆಯ ಅಂಚಿನವರೆಗೆ ಸಿಕ್ಕಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ಹಿಂದಿನಿಂದ ಒಂದು ಸಣ್ಣ ಫ್ಲ್ಯಾಶ್‌ಗೆ ಕಪ್ಪು ಹಾಳೆಯ ಕೊಳವೆ ಸುತ್ತಿ ಕೂದಲಿಗೆ ಬಿಟ್ಟೆ. ಹಳದಿ ಕೇಸರ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಹೊಳೆಯಿತು, ಒಂದಿಷ್ಟು ಪರಾಗ ಅವಳ ಹಣೆಯ ಮೇಲೆ ಉದುರಿತು. ಅಕ್ಕ ಒರೆಸಲು ಬ್ರಶ್ ತಗೊಂಡರು. "ಇರಲಿ ಅಕ್ಕ" ಅಂದಳು ಹುಡುಗಿ. ಆ ದಿನ ಎಲ್ಲರೂ ಆರಿಸಿದ ಫೋಟೊ ಆ ಪರಾಗ ಇರುವುದೇ.

ಹೂವಿನ ಮೇಲೆ, ಕತ್ತಿನ ಮೇಲೆ ನೀರಿನ ಹನಿ ಬೇಕಾದರೆ ಗ್ಲಿಸರಿನ್‌ಗೆ ಅಷ್ಟೇ ನೀರು ಬೆರೆಸಿ ಸಿಂಪಡಿಸಿ. ಬರೀ ನೀರು ಜಾರಿ ಹೋಗುತ್ತದೆ, ಇದು ನಿಲ್ಲುತ್ತದೆ. ಕಣ್ಣಿನ ಹತ್ತಿರ ಬೇಡ.

ಕ್ಯಾಮೆರಾವನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಎಲ್ಲರಿಗೂ ಕಾಣುತ್ತದೆ. ನಾನು ನೋಡದ ಕಾಡಿಗೆಯ ಚುಕ್ಕೆ ಅಕ್ಕನಿಗೆ ಕಾಣುತ್ತದೆ, ಕಿವಿಯ ಹಿಂದೆ ಎದ್ದ ಕೂದಲು ಕೂದಲಿನವರಿಗೆ ಕಾಣುತ್ತದೆ. ಇಪ್ಪತ್ತು ಫೋಟೊಗೊಮ್ಮೆ ಎರಡು ನಿಮಿಷ ನಿಲ್ಲಿ. ಸಲಹೆ ಮಾತ್ರ ಒಬ್ಬರ ಬಾಯಿಂದ ಮಾಡೆಲ್‌ಗೆ ಹೋಗಲಿ. ನಾಲ್ಕು ಕಡೆಯಿಂದ "ಗದ್ದ ಮೇಲೆ", "ಗದ್ದ ಕೆಳಗೆ" ಅಂದರೆ ಪಾಪ ಯಾರ ಮಾತು ಕೇಳಬೇಕು?

ಮಾಡೆಲ್‌ಗೆ ಸಣ್ಣ ಸಣ್ಣ ಮಾತು ಹೇಳಿ. ಗದ್ದ ಸ್ವಲ್ಪ ಮುಂದೆ. ಭುಜ ಇಳಿಸು. ಬಾಯಿಂದ ಉಸಿರು ಬಿಡು. ಕಣ್ಣು ಮುಚ್ಚು, ಮೂರು ಎಣಿಸಿದಾಗ ತೆರೆ. ಕೈ ಮುಖದ ಹತ್ತಿರ ಬಂದರೆ ಬೆರಳಿನ ಬದಿ ಕಾಣಲಿ, ಅಂಗೈ ಬೇಡ. ಕೂದಲು, ಬಟ್ಟೆ ಸರಿ ಮಾಡಬೇಕಾದರೆ ನೀವು ಮುಟ್ಟಬೇಡಿ, ಅಕ್ಕನಿಗೆ ಹೇಳಿ.

ಆರಿಸುವುದು, ತಿದ್ದುವುದು, ಕೊಡುವುದು

ಇನ್ನೂರು ಫೋಟೊದಲ್ಲಿ ಆರು ಸಾಕು. ನಾಲ್ವರೂ ಬೇರೆ ಬೇರೆಯಾಗಿ ಗುರುತು ಹಾಕಲಿ, ಆಮೇಲೆ ಸೇರಿಸಿ ನೋಡಿ. ಬೇಡ ಅನ್ನುವ ಹಕ್ಕು ಮಾಡೆಲ್‌ಗೆ ಎಲ್ಲರಿಗಿಂತ ಮೊದಲು.

ತಿದ್ದುವಾಗ ನನ್ನ ನಿಯಮ ಇಷ್ಟೇ. ಹದಿನೈದು ದಿನದಲ್ಲಿ ತಾನಾಗಿ ಹೋಗುವಂಥದ್ದನ್ನು ತೆಗೆಯಬಹುದು: ಮೊಡವೆ, ಹಾರುವ ಕೂದಲು, ಉದುರಿದ ಕಾಡಿಗೆ. ಮಚ್ಚೆ, ಹಳೇ ಗಾಯದ ಗುರುತು, ಚರ್ಮದ ರಂಧ್ರ ಹಾಗೇ ಇರಲಿ, ಅವಳೇ ಕೇಳಿದರೆ ಮಾತ್ರ ಮುಟ್ಟಿ. ಬ್ಲರ್ ಮಾಡುವ ಆ್ಯಪ್ ಒಂದೇ ಒತ್ತಿಗೆ ಅಕ್ಕನ ಎರಡು ಗಂಟೆ ಕೆಲಸ ಅಳಿಸಿ ಹಾಕುತ್ತದೆ. ಅದರ ಬದಲು ಡಾಡ್ಜ್ ಮತ್ತು ಬರ್ನ್ ಕಲಿಯಿರಿ. ಸಣ್ಣ ಕುಂಚದಿಂದ ಕಪ್ಪು ಕಲೆಯನ್ನು ಸ್ವಲ್ಪ ತಿಳಿ ಮಾಡುವುದು, ಹೊಳಪನ್ನು ಸ್ವಲ್ಪ ಇಳಿಸುವುದು. ಒಂದು ಫೋಟೊಗೆ ಗಂಟೆಗಟ್ಟಲೆ ಬೇಕು, ಆದರೆ ಚರ್ಮ ಉಳಿಯುತ್ತದೆ. ನಡುನಡುವೆ ಚಿತ್ರ ಸಣ್ಣದು ಮಾಡಿ ದೂರದಿಂದ ನೋಡಿ. ಮುಗಿಸಿ ಒಂದು ರಾತ್ರಿ ಬಿಟ್ಟು ಮತ್ತೆ ತೆರೆದರೆ ಎಲ್ಲಿ ಜಾಸ್ತಿಯಾಗಿದೆ ಅಂತ ತಾನಾಗಿ ಕಾಣುತ್ತದೆ.

ಇನ್‌ಸ್ಟಾಗ್ರಾಮ್‌ಗೆ 1080×1350 ಪಿಕ್ಸೆಲ್, ಎಸ್‌ಆರ್‌ಜಿಬಿ (ಮೊಬೈಲ್, ಕಂಪ್ಯೂಟರ್‌ಗೆ ಹೊಂದುವ ಬಣ್ಣದ ಸೆಟ್ಟಿಂಗ್). ಎಲ್ಲರಿಗೂ ಒಂದೇ ದಿನ, ಡ್ರೈವ್ ಲಿಂಕ್‌ನಲ್ಲಿ ಕೊಡಿ, ವಾಟ್ಸಾಪ್‌ನಲ್ಲಿ ಕಳಿಸಿದರೆ ಚಿತ್ರ ಕುಗ್ಗಿ ಹೋಗುತ್ತದೆ. ಜೊತೆಗೆ ನಾಲ್ಕೂ ಹೆಸರು ಸರಿಯಾಗಿ ಬರೆದ ಒಂದು ಸಾಲು ಕಳಿಸಿ, ಅವರು ಹಾಗೇ ಅಂಟಿಸಬಹುದು.

ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಪ್ರಿಂಟ್ ಹಾಕಿಸಿ. 8×12 ಇಂಚಿಗೆ 2400×3600 ಪಿಕ್ಸೆಲ್ ಇದ್ದರೆ ಚೊಕ್ಕ ಬರುತ್ತದೆ. ಮ್ಯಾಟ್ ಪೇಪರ್ ಇರಲಿ, ಟ್ಯೂಬ್‌ಲೈಟ್ ಹೊಳಪು ಬೀಳುವುದಿಲ್ಲ. ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಮೌಂಟ್ ಬೋರ್ಡ್ (ನಡುವೆ ಕತ್ತರಿಸಿ ತೆಗೆದ ದಪ್ಪ ರಟ್ಟು) ಇಡಿಸಲು ಮರೆಯಬೇಡಿ. ನಮ್ಮ ಮಳೆಗಾಲದಲ್ಲಿ ಗಾಜಿಗೆ ತಾಗಿದ ಫೋಟೊ ಅಂಟಿಕೊಂಡುಬಿಡುತ್ತದೆ, ಆಮೇಲೆ ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ.